ಕಂಪನಿ ಕೆಲಸಕ್ಕೆ ಬಾಡಿಗೆ ವಿಮಾನ: ಬೇಕೇ, ಬೇಡವೇ?

ಪರ: ಹೊತ್ತು ಮೀರಿದ ಮೇಲೆ ತಲುಪಿ ಏನು ಮಾಡೋದು?

ಬೆಂಗಳೂರಿನ ಒಂದು ಕಂಪನಿಯಲ್ಲಿ ಹದಿನೈದು ವರ್ಷದಿಂದ ಟ್ರಾವೆಲ್ ಡೆಸ್ಕ್ ನೋಡಿಕೊಳ್ಳುತ್ತಿದ್ದೇನೆ. ದೊಡ್ಡ ದೊಡ್ಡ ಗೇರ್‌ಬಾಕ್ಸ್ ರಿಪೇರಿ ಮಾಡುವ ಕಂಪನಿ ನಮ್ಮದು. ಬಸ್ಸು, ರೈಲು, ಟ್ಯಾಕ್ಸಿ, ವಿಮಾನ, ಯಾವುದೇ ಆಗಲಿ ನನ್ನ ಮೇಜಿನಿಂದಲೇ ಹೋಗಬೇಕು. ಇಷ್ಟು ವರ್ಷದಲ್ಲಿ ಬಾಡಿಗೆ ವಿಮಾನ ಮಾಡಿಸಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಅದರಲ್ಲಿ ಒಂದು ದಿನದ ಕಥೆ ಹೇಳುತ್ತೇನೆ.

2022ರ ಮಾತು. ಬೆಳಿಗ್ಗೆ ಏಳಕ್ಕೆ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಿಂದ ಫೋನ್ ಬಂತು. ಕಲ್ಲಿದ್ದಲು ಪುಡಿ ಮಾಡುವ ಮಿಲ್ಲಿನ ಗೇರ್‌ಬಾಕ್ಸ್ ಬೇರಿಂಗ್ ಹೋಗಿದೆ, ಮಿಲ್ ನಿಂತಿದೆ ಅಂದರು. ಪುಡಿ ಮಾಡಿಟ್ಟ ಕಲ್ಲಿದ್ದಲು ತುಂಬಿದ ಒಂದು ಬಿನ್ ಇರುತ್ತದೆ. ಕಿಲ್ನ್‌ನ ಬೆಂಕಿ ಉರಿಯೋದು ಆ ಪುಡಿಯಿಂದಲೇ. ಉತ್ಪಾದನೆ ಇಳಿಸಿ ಎಳೆದರೂ ರಾತ್ರಿ ಒಂಬತ್ತರವರೆಗೆ ಸಾಕಾಗಬಹುದು ಎಂಬುದು ಅವರ ಲೆಕ್ಕ. ಆಮೇಲೆ ಬೆಂಕಿ ಆರುತ್ತದೆ.

ಬೆಂಕಿ ಆರಿದರೆ ಏನಾಗುತ್ತದೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಎಂಜಿನಿಯರ್ ಕೂರಿಸಿಕೊಂಡು ಹೇಳಿದರು. ಕಿಲ್ನ್ ಅಂದರೆ ಅಡ್ಡಕ್ಕೆ ಮಲಗಿಸಿದ ಉದ್ದನೆ ಕಬ್ಬಿಣದ ಕೊಳವೆ. ಒಳಗೆ ಹಾಕಿದ ಕಲ್ಲುಪುಡಿ 1,450 ಡಿಗ್ರಿವರೆಗೆ ಕಾಯಬೇಕು. ಕಬ್ಬಿಣ ಕರಗದಿರಲಿ ಅಂತ ಒಳಗೋಡೆಗೆ ಇಟ್ಟಿಗೆ ಕಟ್ಟಿರುತ್ತಾರೆ. ಬೆಂಕಿ ಆರಿ ಆ ಇಟ್ಟಿಗೆ ತಣ್ಣಗಾದರೆ ಬಿರುಕು ಬಿಡುತ್ತದೆ, ಕೆಲವು ಕಡೆ ಉದುರುತ್ತದೆ. ಮತ್ತೆ ಬಿಸಿ ಏರಿಸುವುದಕ್ಕೂ ಆತುರಪಡುವಂತಿಲ್ಲ. ಮೆಲ್ಲಗೆ, ಗಂಟೆ ಗಂಟೆಗೆ ಇಷ್ಟಿಷ್ಟು ಅಂತ ಏರಿಸಬೇಕು. ಒಂದು ದಿನ ಹಾಗೇ ಹೋಗುತ್ತದೆ. ಇಟ್ಟಿಗೆ ಬದಲಾಯಿಸಬೇಕಾಗಿ ಬಂದರೆ ದಿನಗಳೇ ಹೋಗುತ್ತವೆ.

ಬೇರಿಂಗ್ ನಮ್ಮ ಪೀಣ್ಯದ ಸ್ಟೋರಿನಲ್ಲಿ ಇತ್ತು. ಅದನ್ನು ಕೂರಿಸಲು ಕೈ ಪಳಗಿದ ಫಿಟ್ಟರುಗಳು ಇಬ್ಬರೂ ಬೆಂಗಳೂರಿನಲ್ಲೇ ಇದ್ದರು. ಆದರೆ ರಸ್ತೆಯಲ್ಲಿ ಹೊರಟರೆ ಆರುನೂರು ಕಿಲೋಮೀಟರ್. ಊಟ ಬಿಟ್ಟು ಓಡಿಸಿದರೂ ಹತ್ತು ಹನ್ನೊಂದು ಗಂಟೆ. ರಾತ್ರಿ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ. ಅವತ್ತು ಕಲಬುರಗಿಗೆ ಸಿಗುವಂಥ ವಿಮಾನ ಇರಲಿಲ್ಲ.

ನನ್ನ ಅದೃಷ್ಟಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಕಿಂಗ್ ಏರ್ ಅನ್ನುವ ಎರಡು ಎಂಜಿನ್ನಿನ ಸಣ್ಣ ವಿಮಾನ ಒಂದು ಖಾಲಿ ಇತ್ತು. 2008ರಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾದ ಮೇಲೆ ಎಚ್‌ಎಎಲ್‌ಗೆ ದಿನನಿತ್ಯದ ವಿಮಾನಗಳು ಬರುವುದು ನಿಂತಿತು. ಬಾಡಿಗೆ ವಿಮಾನಗಳು ಈಗಲೂ ಅಲ್ಲಿಂದ ಹಾರುತ್ತವೆ. ಊರೊಳಗೇ ಇದೆ, ಎರಡು ಗಂಟೆ ಮುಂಚೆ ಹೋಗಿ ಸಾಲಲ್ಲಿ ನಿಲ್ಲುವ ಕೆಲಸವಿಲ್ಲ. ಹೋಗುವವರ ಹೆಸರು ಮೊದಲೇ ಕಳಿಸಬೇಕು, ಗುರುತಿನ ಚೀಟಿ ಬೇಕು, ತಪಾಸಣೆ ಇದ್ದೇ ಇದೆ. ಆದರೂ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ.

ಪೈಲಟ್ ನನ್ನನ್ನು ಮೊದಲು ಕೇಳಿದ್ದು ಬೇರಿಂಗ್ ತೂಕ. ಐವತ್ತೆಂಟು ಕೆಜಿ ಅಂದೆ. ಆಮೇಲೆ ಇಬ್ಬರು ಫಿಟ್ಟರುಗಳ ತೂಕ, ಟೂಲ್ ಬಾಕ್ಸಿನ ತೂಕ. ಎಲ್ಲ ಬರೆದುಕೊಂಡು ಯಾರು ಎಲ್ಲಿ ಕೂರಬೇಕು ಅಂತ ಅವರೇ ತೋರಿಸಿದರು. ಬೇರಿಂಗನ್ನು ಹಲಗೆಯ ಮೇಲಿಟ್ಟು ಬೆಲ್ಟಿನಲ್ಲಿ ಬಿಗಿದು ಕಟ್ಟಿದರು. ಹಿರಿಯ ಫಿಟ್ಟರಿಗೆ ಆಗ ಐವತ್ನಾಲ್ಕು ವರ್ಷ. ಅವರು ವಿಮಾನ ಹತ್ತುತ್ತಿದ್ದದ್ದು ಅದೇ ಮೊದಲು. ಕೈಯಲ್ಲಿ ಚಿತ್ರಾನ್ನದ ಡಬ್ಬಿ. "ಮೇಡಂ, ಇದನ್ನ ಒಳಗೆ ಬಿಡ್ತಾರಾ?" ಅಂತ ಕೇಳಿದರು.

ಹನ್ನೊಂದು ನಲವತ್ತಕ್ಕೆ ಹಾರಿದರು. ಒಂದು ಗಂಟೆಗೆ ಕಲಬುರಗಿ. ಆ ನಿಲ್ದಾಣ ಸೇಡಂ ರಸ್ತೆಯಲ್ಲೇ ಇರುವುದು ಅನುಕೂಲವಾಯಿತು. ಎರಡರ ಹೊತ್ತಿಗೆ ಮಿಲ್ಲಿನ ಮುಂದೆ ಇದ್ದರು. ರಾತ್ರಿ ಎಂಟೂ ಹತ್ತಕ್ಕೆ ಮಿಲ್ ತಿರುಗಿತು. ಬಿನ್ನಿನಲ್ಲಿ ಇನ್ನೂ ಪುಡಿ ಉಳಿದಿತ್ತು. ಹಿರಿಯ ಫಿಟ್ಟರ್ ಫೋನ್ ಮಾಡಿ, "ಮೇಡಂ, ಆಯ್ತು" ಅಂದರು. ಆಮೇಲೆ, "ಮೇಲಿಂದ ತುಂಗಭದ್ರೆ, ಕೃಷ್ಣೆ ಎರಡೂ ಕಂಡ್ವು" ಅಂದರು. ನನಗೆ ಗಂಟಲು ಕಟ್ಟಿತು.

ಬಿಲ್ಲು ನಾಲ್ಕೂವರೆ ಲಕ್ಷದ ಹತ್ತಿರ ಆಯಿತು. ವಿಮಾನ ಅವರನ್ನು ಇಳಿಸಿ ಖಾಲಿ ಬಂತು, ಆ ಗಂಟೆಗೂ ಬಾಡಿಗೆ ಕೊಟ್ಟೆವು. ಫಿಟ್ಟರುಗಳು ಮಾರನೇ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸ್ ಬಂದರು. ಬರುವಾಗ ಅವಸರ ಇರಲಿಲ್ಲ, ಅದಕ್ಕೆ ರೈಲು. ಹೋಗುವಾಗ ಇತ್ತು, ಅದಕ್ಕೆ ವಿಮಾನ. ಕಾರ್ಖಾನೆಯವರು ಬಿಲ್ಲಿನ ದುಡ್ಡನ್ನು ಮರುಮಾತಿಲ್ಲದೆ ಕೊಟ್ಟರು. ಒಂದು ದಿನ ಕಿಲ್ನ್ ನಿಂತಿದ್ದರೆ ಅವರಿಗೆ ಆಗುತ್ತಿದ್ದ ನಷ್ಟದ ಮುಂದೆ ಇದು ಏನೂ ಅಲ್ಲ.

ಬಾಡಿಗೆ ವಿಮಾನ ಅಂದರೆ ಸಾಹುಕಾರರ ಶೋಕಿ ಅನ್ನುವವರಿಗೆ ನಾನು ಯಾವಾಗಲೂ ಈ ಚಿತ್ರಾನ್ನದ ಡಬ್ಬಿಯ ವಿಷಯ ಹೇಳುತ್ತೇನೆ. ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ 1980ರ ದಶಕದ ಕೊನೆಗೆ ಕಂಪನಿಗೆ ಒಂದು ಜೆಟ್ ಕೊಂಡು, ಅದಕ್ಕೆ 'ಸಮರ್ಥಿಸಲಾಗದ್ದು' ಎಂಬ ಅರ್ಥದ ಹೆಸರಿಟ್ಟರು. ಅಷ್ಟು ಕೈಬಿಗಿ ಮನುಷ್ಯ, ಆಮೇಲೆ 1998ರಲ್ಲಿ ವಿಮಾನ ಹಂಚಿಕೊಂಡು ಬಳಸುವ ಒಂದು ಕಂಪನಿಯನ್ನೇ ಕೊಂಡುಕೊಂಡರು. ಬಳಸಿ ನೋಡಿದ ಮೇಲೆ ಅದರ ಬೆಲೆ ತಿಳಿಯಿತು. ನಮ್ಮವರೇ ಆದ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಏವಿಯೇಷನ್ ಶುರುಮಾಡಿದ್ದು ಬಾಡಿಗೆ ಹೆಲಿಕಾಪ್ಟರಿನಿಂದಲೇ. ಜನಸಾಮಾನ್ಯರನ್ನು ಹಾರಿಸಿದ ಏರ್ ಡೆಕ್ಕನ್ ಬಂದದ್ದು ಆಮೇಲೆ, 2003ರಲ್ಲಿ.

ಸಣ್ಣ ವಿಮಾನ ಅಂದ ತಕ್ಷಣ ನಮಗೆಲ್ಲ 2004ರ ಏಪ್ರಿಲ್ 17, ಜಕ್ಕೂರು, ನಟಿ ಸೌಂದರ್ಯ ನೆನಪಾಗುತ್ತಾರೆ. ನನಗೂ ಆ ದಿನ ಮರೆತಿಲ್ಲ. ಅವತ್ತು ಬಿದ್ದದ್ದು ಒಂದೇ ಎಂಜಿನ್ನಿನ ಸೆಸ್ನಾ ವಿಮಾನ. ನಾನು ಎರಡು ಎಂಜಿನ್, ಇಬ್ಬರು ಪೈಲಟ್ ಇಲ್ಲದೆ ಯಾರನ್ನೂ ಕಳಿಸಿಲ್ಲ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೊಡುವ ಬಾಡಿಗೆ ಪರ್ಮಿಟ್ಟಿನ ಪ್ರತಿ ಕಣ್ಣಾರೆ ನೋಡದೆ ಮುಂಗಡ ಕೊಟ್ಟಿಲ್ಲ. ಯಾರದೋ ಸ್ವಂತದ ವಿಮಾನವನ್ನು ಕಡಿಮೆ ದುಡ್ಡಿಗೆ ಕೊಡಿಸುತ್ತೇವೆ ಅನ್ನುವ ದಲ್ಲಾಳಿಗಳು ಇದ್ದಾರೆ. ಅದು ಕಾನೂನಿಗೆ ವಿರುದ್ಧ, ವಿಮೆಯೂ ಕೈಕೊಡಬಹುದು. ಪೈಲಟ್ ಹವಾಮಾನ ಸರಿಯಿಲ್ಲ ಅಂದರೆ ಮರುಮಾತಾಡಬಾರದು, ಅದು ಎಂಥ ಅರ್ಜೆಂಟೇ ಇರಲಿ.

ಇನ್ನು ವಿಮಾನ ಉಗುಳುವ ಹೊಗೆಯ ಮಾತು ಬರುತ್ತದೆ, ನನಗೆ ಗೊತ್ತು. ಒಂದು ಕಿಲ್ನ್ ತಣ್ಣಗಾಗಿ ಮತ್ತೆ ಕಾಯಿಸಲು ಎಷ್ಟು ಇಂಧನ ಉರಿಸಬೇಕು ಅಂತ ಹಾಗೆ ಕೇಳುವವರು ಸೇಡಂಗೆ ಹೋಗಿ ವಿಚಾರಿಸಲಿ.

ವಿರೋಧ: ಖಾಲಿ ಸೀಟಿನ ದುಡ್ಡು ಯಾರದು?

ಈ ವಿಷಯದಲ್ಲಿ ವಿರೋಧದ ಬದಿ ಬರೆಯಿರಿ ಅಂತ ನನ್ನನ್ನು ಕೇಳಿದರು. ಮೊದಲೇ ಹೇಳಿಬಿಡುತ್ತೇನೆ, ನಾನು ಪೂರ್ತಿ ವಿರೋಧಿ ಅಲ್ಲ. ರೋಗಿಯನ್ನು ಸಾಗಿಸಲು, ಎಲ್ಲೋ ನಿಂತ ಯಂತ್ರ ಎಬ್ಬಿಸಲು ವಿಮಾನ ಮಾಡಿದರೆ ಬೇಡ ಅನ್ನುವ ಮನಸ್ಸು ನನಗಿಲ್ಲ. ಆದರೆ ಕಂಪನಿಗಳ ಲೆಕ್ಕ ನೋಡುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ನನ್ನ ಕೈಗೆ ಬಂದ ಚಾರ್ಟರ್, ಅಂದರೆ ಬಾಡಿಗೆ ವಿಮಾನದ ಬಿಲ್ಲುಗಳಲ್ಲಿ ಅಂಥದ್ದು ಅಪರೂಪ. ಜಾಸ್ತಿ ಇದ್ದದ್ದು ಮೀಟಿಂಗು.

ಈ ಬಿಲ್ಲುಗಳಲ್ಲಿ ಫೆರ್ರಿ ಅಂತ ಒಂದು ಸಾಲು ಇರುತ್ತದೆ. ವಿಮಾನ ಖಾಲಿ ಹಾರಿದ್ದಕ್ಕೆ ಕೊಡುವ ಬಾಡಿಗೆ. ಒಂದು ಬಿಲ್ಲು ನನಗೆ ಬಾಯಿಪಾಠ ಆಗಿದೆ. ಮೂರು ಜನ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಿ ಬರಬೇಕಿತ್ತು. ಜೆಟ್ ಇದ್ದದ್ದು ಮುಂಬೈಯಲ್ಲಿ. ಅದು ಬೆಂಗಳೂರಿಗೆ ಖಾಲಿ ಬಂತು, ಒಂದೂವರೆ ಗಂಟೆ. ಹೈದರಾಬಾದಿಗೆ ಒಂದು ಗಂಟೆ, ವಾಪಸ್ ಒಂದು ಗಂಟೆ. ಮುಂಬೈಗೆ ಮತ್ತೆ ಖಾಲಿ, ಒಂದೂವರೆ ಗಂಟೆ. ಜನ ಕೂತದ್ದು ಎರಡು ಗಂಟೆ, ದುಡ್ಡು ಕೊಟ್ಟದ್ದು ಐದು ಗಂಟೆಗೆ. ಜೊತೆಗೆ ಇಳಿಯುವ ಶುಲ್ಕ, ನಿಲ್ಲಿಸಿದ್ದಕ್ಕೆ ಶುಲ್ಕ, ಸಿಬ್ಬಂದಿಯ ಹೋಟೆಲ್ಲು, ಅದರ ಮೇಲೆ ಜಿಎಸ್‌ಟಿ. ಬೆಂಗಳೂರಿನಿಂದ ಹೈದರಾಬಾದಿಗೆ ಬೆಳಗಿನಿಂದ ರಾತ್ರಿಯವರೆಗೆ ವಿಮಾನಗಳಿವೆ, ಅಲ್ವಾ? ಕೇಳಿದರೆ, ಸಮಯ ಉಳಿಯುತ್ತದೆ ಅಂದರು. ಹೀಗೆ ಉಳಿಸಿದ ಸಮಯದಲ್ಲಿ ಅವರು ಊಟಕ್ಕೆ ಎರಡು ಗಂಟೆ ಕೂರುತ್ತಾರೆ, ಅಷ್ಟೇ.

ಹೊಗೆಯ ಲೆಕ್ಕವೂ ಇದೆ. ಯುರೋಪಿನ ಟ್ರಾನ್ಸ್‌ಪೋರ್ಟ್ ಅಂಡ್ ಎನ್ವಿರಾನ್ಮೆಂಟ್ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ, ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ ಖಾಸಗಿ ಜೆಟ್ ಮಾಮೂಲಿ ವಿಮಾನಕ್ಕಿಂತ 5ರಿಂದ 14 ಪಟ್ಟು ಜಾಸ್ತಿ ಮಾಲಿನ್ಯ ಮಾಡುತ್ತದೆ. 2024ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ 2023ರಲ್ಲಿ ಜಗತ್ತಿನ ಖಾಸಗಿ ವಿಮಾನಗಳು ಉಗುಳಿದ ಇಂಗಾಲದ ಡೈಆಕ್ಸೈಡ್ 1.56 ಕೋಟಿ ಟನ್. ಅವುಗಳ ಹಾರಾಟದಲ್ಲಿ ಹತ್ತಿರಹತ್ತಿರ ಅರ್ಧ 500 ಕಿಲೋಮೀಟರಿಗಿಂತ ಕಡಿಮೆ ದೂರದ್ದು. ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಬರುವಂಥದ್ದು. ರೈಲಿನಲ್ಲಿ ಆಗುವ ದೂರ. ಕಲಬುರಗಿಗೂ 2024ರ ಮಾರ್ಚಿನಿಂದ ವಂದೇ ಭಾರತ್ ಇದೆ.

ಹಾಗಂತ ಸರ್ಕಾರಗಳನ್ನು ನಂಬಿ ಕೂರುವ ಹಾಗೂ ಇಲ್ಲ. ಫ್ರಾನ್ಸ್ 2023ರಲ್ಲಿ, ಎರಡೂವರೆ ಗಂಟೆಯ ಒಳಗೆ ರೈಲಿನಲ್ಲಿ ಹೋಗಬಹುದಾದ ಕಡೆಗೆ ಮಾಮೂಲಿ ವಿಮಾನ ಬೇಡ ಅಂತ ಕಾನೂನು ಜಾರಿಗೆ ತಂದಿತು. ಖಾಸಗಿ ಜೆಟ್ಟುಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ನೂರೈವತ್ತು ಜನ ಕೂರುವ ವಿಮಾನಕ್ಕೆ ತಡೆ, ಮೂರು ಜನ ಕೂರುವುದಕ್ಕೆ ಇಲ್ಲ.

ಇದೆಲ್ಲ ಇರಲಿ. ನನ್ನ ಮನಸ್ಸಿಗೆ ನಾಟಿದ್ದು ಕೆಲಸ ಮಾಡುವವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಅನ್ನುವುದು. 2008ರ ನವೆಂಬರಿನಲ್ಲಿ ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳ ಮುಖ್ಯಸ್ಥರು ಸರ್ಕಾರದ ಹತ್ತಿರ ಸಾಲ ಕೇಳಲು ವಾಷಿಂಗ್ಟನ್‌ಗೆ ಹೋದರು. ಮೂವರೂ ಬೇರೆ ಬೇರೆ ಖಾಸಗಿ ಜೆಟ್ಟಿನಲ್ಲಿ. ಸಂಸದರು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಮುಂದಿನ ಸಲ ಅವರು ಡೆಟ್ರಾಯಿಟ್‌ನಿಂದ ಕಾರಿನಲ್ಲಿ ಬಂದರು.

ಆ ಹೈದರಾಬಾದ್ ಬಿಲ್ಲು ಬಂದ ತಿಂಗಳು ಅದೇ ಕಂಪನಿ ಖರ್ಚು ಕಡಿಮೆ ಮಾಡಬೇಕು ಅಂತ ರಾತ್ರಿ ಪಾಳಿಯ ಬಸ್ಸು ನಿಲ್ಲಿಸಿತು. ಎರಡು ಕಾಗದವೂ ಒಂದೇ ಫೈಲಿನಲ್ಲಿ, ಒಂದರ ಹಿಂದೆ ಒಂದು ನನ್ನ ಮುಂದೆ ಬಂದವು. ಬಸ್ಸಿನ ಇಡೀ ವರ್ಷದ ಖರ್ಚನ್ನು ಆ ಒಂದು ದಿನದ ವಿಮಾನದ ಖರ್ಚಿನ ಪಕ್ಕದಲ್ಲಿ ಬರೆದು ಮೇಲಿನವರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಪಾಳಿ ಮುಗಿಸಿದ ಹೆಣ್ಣುಮಕ್ಕಳು ಗೇಟಿನ ಮುಂದೆ ನಾಲ್ಕು ನಾಲ್ಕು ಜನ ಸೇರಿ ಆಟೋ ಹುಡುಕುವುದನ್ನು ಆ ಇಡೀ ವರ್ಷ ನೋಡಿದ್ದೇನೆ.