ಪಕ್ಕದ ಖಾಲಿ ಸೈಟು

ಬೆಂಗಳೂರಿನ ಅಂಚಿನಲ್ಲಿ ಮನೆ ಕಟ್ಟಿಕೊಂಡವರಿಗೆಲ್ಲ ಎರಡು ಆಸ್ತಿ ಇರುತ್ತವೆ. ಒಂದು ಸ್ವಂತ ಮನೆ. ಸಾಲ ತೀರುವವರೆಗೆ ಅದು ಬ್ಯಾಂಕಿನದು. ಇನ್ನೊಂದು ಪಕ್ಕದ ಖಾಲಿ ಸೈಟು. ಅದರ ಮೇಲೆ ಸಾಲವಿಲ್ಲ, ಕಂದಾಯವಿಲ್ಲ, ಪತ್ರ ಮೊದಲೇ ಇಲ್ಲ. ಆದರೂ ಹಾಸಿಗೆ ಒಣಗಿಸಲು, ಕಾರು ನಿಲ್ಲಿಸಲು, ಮನೆ ಕಟ್ಟಿ ಉಳಿದ ಜಲ್ಲಿ ಸುರಿಯಲು, ನಾಮಕರಣಕ್ಕೆ ಶಾಮಿಯಾನ ಹಾಕಲು ಅದು ನಮ್ಮದೇ.

ನಮ್ಮ ಬೀದಿಯ ಸೈಟು ಮೂವತ್ತು ನಲವತ್ತರದ್ದು. ಮುಂಭಾಗದಲ್ಲಿ ಒಂದು ತಗಡಿನ ಬೋರ್ಡು. 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂದು ಕೆಂಪಕ್ಷರದಲ್ಲಿ ಬರೆದಿದೆ. ಕೆಳಗೊಂದು ಮೊಬೈಲ್ ನಂಬರು. ಅದರ ಕೊನೆಯ ಎರಡು ಅಂಕಿಗಳನ್ನು ಬಿಸಿಲು ತಿಂದಿದೆ. ಹಾಗಾಗಿ ಮಾಲೀಕರು ಯಾರೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ದುಬೈನಲ್ಲಿದ್ದಾರೆ ಅನ್ನುವವರಿದ್ದಾರೆ, ದಾಯಾದಿಗಳ ಕೇಸು ನಡೀತಿದೆ ಅನ್ನುವವರೂ ಇದ್ದಾರೆ. ನಮಗೆ ಎರಡೂ ಸಮಾಧಾನವೇ.

ನಾವಿರುವುದು ಕೆಂಗೇರಿಯಿಂದ ಒಂಚೂರು ಆಚೆ. 2007ರಲ್ಲಿ ಬೆಂಗಳೂರು ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಂದೇ ಸಲಕ್ಕೆ ಸೇರಿಸಿಕೊಂಡು ಬಿಬಿಎಂಪಿ ಆಯಿತಲ್ಲ, ಆ ಒಂದು ಪುರಸಭೆಯೇ ಕೆಂಗೇರಿ. ಅಲ್ಲಿಂದ ಅಂಚು ಸರಿಯುತ್ತಲೇ ಬಂತು. 2023ರ ಅಕ್ಟೋಬರ್‌ನಲ್ಲಿ ಮೆಟ್ರೋ ಚಲ್ಲಘಟ್ಟದವರೆಗೆ ಬಂತು. ಈ ಕಡೆ ಹತ್ತಿದರೆ ವೈಟ್‌ಫೀಲ್ಡ್‌ನಲ್ಲಿ ಇಳಿಯಬಹುದು ಅಂತಾದ ಮೇಲೆ ಬಾಡಿಗೆಗೆ ಬರುವವರು ಜಾಸ್ತಿಯಾದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಸೈಟು ಮಾತ್ರ ಕದಲಲಿಲ್ಲ. ಅದರ ಪಾಡಿಗೆ ಕಾಂಗ್ರೆಸ್ ಗಿಡ ಬೆಳೆದುಕೊಂಡು ಕೂತಿದೆ.

ಸುತ್ತಲಿನವರ ವಿಷಯ ಹೇಳಬೇಕು. ಎಡಕ್ಕೆ ತ್ರಿಶೂರಿನ ನರ್ಸಮ್ಮ. ಎದುರಿಗೆ ವಿಜಯಪುರದ ಮೇಷ್ಟ್ರ ಸಂಸಾರ. ಮೂಲೆಯ ಮನೆಯ ಮೇಲಿನ ಮಹಡಿಯಲ್ಲಿ ಒಡಿಶಾದ ಸಾಫ್ಟ್‌ವೇರ್ ಹುಡುಗರು, ಕೆಳಗೆ ಕೋಲಾರದ ಕಡೆಯವರು. ಅವರು ನಮ್ಮ ಹತ್ತಿರ ಕನ್ನಡ ಮಾತಾಡುತ್ತಾರೆ, ಬೈಯುವಾಗ ತೆಲುಗಿಗೆ ಹೋಗುತ್ತಾರೆ. ಹಿಂದಿನ ಅಪಾರ್ಟ್‌ಮೆಂಟಿನ ಗಾರ್ಡು ಅಸ್ಸಾಮಿನ ಹುಡುಗ. ಇವರೆಲ್ಲರಿಗಿಂತ ಮೊದಲಿನಿಂದ ಇಲ್ಲಿರುವವರು ಒಬ್ಬ ಅಜ್ಜಿ. ಈ ಲೇಔಟು ಅಜ್ಜಿಯ ಮನೆಯವರ ಹೊಲವಾಗಿತ್ತು.

ಸಂಘದ ಮೀಟಿಂಗಿನಲ್ಲಿ ಇವರನ್ನೆಲ್ಲ ಒಟ್ಟಿಗೆ ಕೂರಿಸುವ ಪ್ರಯತ್ನ ಆಗಾಗ ನಡೆಯುತ್ತದೆ. ಕುರ್ಚಿ ತರಿಸುತ್ತಾರೆ, ಮೈಕು ತರಿಸುತ್ತಾರೆ, ಯಾರೂ ಬರುವುದಿಲ್ಲ. ಖಾಲಿ ಸೈಟಿಗೆ ಮಾತ್ರ ಕರೆಯದೆಯೇ ಎಲ್ಲರೂ ಬರುತ್ತಾರೆ. ನರ್ಸಮ್ಮನ ಗುರುತಾದದ್ದು ತುಂಬೆ ಹೂವಿನಿಂದ. ಓಣಂ ಸಮಯಕ್ಕೆ ನಮ್ಮ ಸೈಟಿನ ತುಂಬ ತುಂಬೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಆಕೆ ಬಗ್ಗಿ ಬಗ್ಗಿ ಕೀಳುತ್ತಿದ್ದರು. ಶಿವಪೂಜೆಗೆಂದು ಬಟ್ಟಲು ಹಿಡಿದು ಹೋದ ನನ್ನ ಹೆಂಡತಿ, ಯಾರಪ್ಪಾ ಇದು ನಮ್ಮ ಹೂವಿಗೆ ಕೈ ಹಾಕಿದವರು ಅಂತ ಹತ್ತಿರ ಹೋದಳು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಯಾವ ಭಾಷೆಯಲ್ಲಿ ಅಂತ ಆಮೇಲೆ ಕೇಳಿದರೆ ಇವಳಿಗೇ ನೆನಪಿಲ್ಲ. ರಥಸಪ್ತಮಿಯ ಹಿಂದಿನ ಸಂಜೆ ಎಕ್ಕದ ಗಿಡದ ಹತ್ತಿರ ಇನ್ನೊಂದು ಗುಂಪು. ತಲೆಗೆ, ಭುಜಕ್ಕೆ ಇಟ್ಟುಕೊಂಡು ಸ್ನಾನ ಮಾಡಲು ಏಳು ಎಲೆ ಸಾಕು. ಇಡೀ ಕೊಂಬೆ ಮುರಿದುಕೊಂಡು ಹೋಗುವವರನ್ನು ಏನನ್ನಬೇಕೋ.

ಅಜ್ಜಿ ಸೊಪ್ಪಿಗೆ ಬರುತ್ತಾರೆ. ಅಣ್ಣೆ, ಹೊನಗೊನ್ನೆ, ಗಣಿಕೆ, ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡು ಬೆರಕೆ ಸೊಪ್ಪಿನ ಉಪ್ಸಾರು ಮಾಡುತ್ತಾರೆ. (ಬೆರಕೆ ಸೊಪ್ಪು ಅಂದ ಕೂಡಲೇ ಅದನ್ನು ನಮ್ಮ ಬೀದಿಗೆ ಹೋಲಿಸುವ ಆಸೆ ಆಗುತ್ತದೆ. ಸಂಘದ ಅಧ್ಯಕ್ಷರು ಪ್ರತಿ ರಾಜ್ಯೋತ್ಸವದಲ್ಲೂ ಹೋಲಿಸುತ್ತಾರೆ, ಅದಕ್ಕೇ ಬಿಡುತ್ತೇನೆ.) ಅಜ್ಜಿಗೆ ಚದರಡಿ ಲೆಕ್ಕ ಬರುವುದಿಲ್ಲ. 'ಇದೇನು, ಒಂದು ಗುಂಟೆ ಮ್ಯಾಲೆ ಚೂರು' ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿದೆ. ಗುಂಟೆಗೆ 1089 ಚದರಡಿ, ಸೈಟು 1200. ಅಜ್ಜಿಯ 'ಚೂರು' ಸರಿಯಾಗಿಯೇ ಇತ್ತು. ಆ ಚೂರಿನ ಬೆಲೆಗೆ ಈಗ ಒಂದು ಕಾರು ಬರುತ್ತದೆ ಅಂತ ನಾನು ಹೇಳಲು ಹೋಗಲಿಲ್ಲ.

ಅಸ್ಸಾಮಿನ ಹುಡುಗನಿಗೂ ಅಜ್ಜಿಗೂ ಗೆಳೆತನವಾದದ್ದು ಹರಳು ಗಿಡದಿಂದ. ಸೈಟಿನ ಹಿಂದಿನ ಮೂಲೆಯಲ್ಲಿ ಹರಳು ಆಳೆತ್ತರ ಬೆಳೆದಿದೆ. ಹುಡುಗ ಅದರ ಎಲೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಕಾಯಿ ಕೀಳಬೇಡ, ವಿಷ ಅಂತ ಅಜ್ಜಿ ಗದರಿದರು. ಅವನು ಮೊಬೈಲ್ ತೆಗೆದು ತನ್ನ ಊರಿನ ವಿಡಿಯೋ ತೋರಿಸಿದ. ಅವನ ತಾಯಿ ಬಿದಿರಿನ ಮೊರದಲ್ಲಿ ಹುಳುಗಳಿಗೆ ಹರಳೆಲೆ ಹಾಕುತ್ತಿದ್ದರು. ಎರಿ ರೇಷ್ಮೆ. ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅದೇ ನೆಲದಲ್ಲಿ ಮೂವತ್ತು ವರ್ಷ ಹಿಪ್ಪುನೇರಳೆ ಬೆಳೆದು ರೇಷ್ಮೆ ಸಾಕಿದ ಜೀವ ಅದು. 'ನಿಮ್ ಹುಳಕ್ಕೆ ಎಷ್ಟು ಜ್ವರ ಕಣಪ್ಪ?' ಅಂತ ಕೇಳಿದರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಡುಗನಿಗೆ ಅರ್ಥವಾಗಲಿಲ್ಲ. ಅಜ್ಜಿ ತಲೆ ಎತ್ತಿ, ಮೈ ಬಿಗಿಹಿಡಿದು, ಎಲೆ ಬಿಟ್ಟು ಕೂತ ಹುಳುವಿನ ಹಾಗೆ ಮಾಡಿ ತೋರಿಸಿದರು. ಅವನು ನಕ್ಕು ನಾಲ್ಕು ಬೆರಳು ಎತ್ತಿದ. ಅಜ್ಜಿಯೂ ನಾಲ್ಕು ಎತ್ತಿದರು.

ಅಲ್ಲಿಂದ ಇಬ್ಬರಿಗೂ ಪೂರ್ತಿ ಸಂಸಾರದ ಮಾತು. ಚಿಟ್ಟೆ ಹಾರಿಹೋದ ಮೇಲೆಯೇ ಎರಿ ಗೂಡಿನಿಂದ ನೂಲು ತೆಗೆಯುವುದಂತೆ. ಅದನ್ನು ಕೇಳಿ ಅಜ್ಜಿಗೆ ಒಂಥರಾ ಆಯಿತು. 'ನಮ್ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗೋದು. ಆಚೆಗೆ ಏನು ಮಾಡ್ತಾರೆ ಅಂತ ನೋಡಕ್ಕೆ ಹೋಯ್ತಿರಲಿಲ್ಲ' ಅಂದರು. ಕೆಲವು ಮನೆಗಳಲ್ಲಿ ಗೂಡಿನೊಳಗಿನ ಹುಳುವನ್ನು ಹುರಿದು ತಿನ್ನುತ್ತೇವೆ ಅಂತ ಹುಡುಗ ಹೇಳಿದಾಗ ಅಜ್ಜಿ ಕಿವಿ ಮುಚ್ಚಿಕೊಂಡರು. ಮಾರನೇ ದಿನ ಮಾತ್ರ ಅವನಿಗೆ ಒಂದು ಬಟ್ಟಲು ಉಪ್ಸಾರು, ಒಂದು ಮುದ್ದೆ ತಂದುಕೊಟ್ಟರು. ಮುದ್ದೆಯನ್ನು ಅಗಿಯಲು ಹೋಗಿ ಬೈಸಿಕೊಂಡ.

ಎಲ್ಲವೂ ಹೀಗೇ ಚೆಂದ ಅಂತ ಅಂದುಕೊಳ್ಳಬೇಡಿ. ಕಪ್ಪು ಕವರಿನ ವಿಷಯ ಇದೆ. ಕಸದ ಆಟೋ ಬರುವ ಹೊತ್ತಿಗೆ ಏಳದವರು ಕತ್ತಲಲ್ಲಿ ಸೈಟಿಗೆ ಎಸೆಯುತ್ತಾರೆ. ಯಾರು ಅಂತ ಗೊತ್ತಾಗುವುದಿಲ್ಲ. ಆದರೆ ಎಲ್ಲರಿಗೂ ಗೊತ್ತು! ಕನ್ನಡದವರಿಗೆ ಅದು ಹೊರಗಿನಿಂದ ಬಂದವರ ಕೆಲಸ. ಒಡಿಶಾದ ಹುಡುಗರ ಪ್ರಕಾರ ಓನರುಗಳ ಕೆಲಸ. ಸ್ವಂತ ಮನೆಯವರಿಗೆ ಬಾಡಿಗೆಯವರ ಮೇಲೆ ಅನುಮಾನ. ಒಂದು ದಿನ ನಾಯಿಗಳು ಕವರು ಹರಿದು ಬೀದಿಯುದ್ದಕ್ಕೂ ಹರಡಿದವು. ಅದರಲ್ಲಿ ನುಗ್ಗೆಕಾಯಿ ಸಿಪ್ಪೆ, ಜೋಳದ ರೊಟ್ಟಿ, ಮೀನಿನ ಮುಳ್ಳು, ಒಂದು ಮದುವೆ ಕಾಗದ, ಎಲ್ಲ ಸಿಕ್ಕವು. ಆವತ್ತಿನಿಂದ ಭಾಷೆಯ ಮೇಲೆ ತನಿಖೆ ನಡೆಸುವುದು ನಿಂತಿದೆ. ಕಸ ನಿಂತಿಲ್ಲ.

ನನಗೆ ತುಂಬ ಇಷ್ಟವಾದದ್ದು ಎಳ್ಳಮಾವಾಸ್ಯೆ. ವಿಜಯಪುರದ ಕಡೆ ಆವತ್ತು ಹೊಲಕ್ಕೆ ಹೋಗಿ ಭೂತಾಯಿಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲದ ತುಂಬ ಎರಚಿ, ಅಂದರೆ ಚರಗ ಚೆಲ್ಲಿ, ಅಲ್ಲೇ ಊಟ ಮಾಡುತ್ತಾರೆ. ಮೇಷ್ಟ್ರ ಮನೆಯವರು ಜಮಖಾನೆ ತಂದು ಖಾಲಿ ಸೈಟಿನಲ್ಲಿ ಹಾಸಿದರು. 'ಹೊಲ ಇಲ್ದಿದ್ರ ಏನಾತ್ರೀ, ಮಣ್ಣ ಐತೆಲ್ಲ' ಅಂತ ಅವರ ಮನೆಯವರು ಕರೆದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಭಜ್ಜಿ, ಶೇಂಗಾ ಹೋಳಿಗೆ. ಮೇಷ್ಟ್ರು ನಾಲ್ಕು ಮೂಲೆಗೂ ಹೋಗಿ ಕಾಂಗ್ರೆಸ್ ಗಿಡಕ್ಕೆ, ಜಲ್ಲಿ ಗುಡ್ಡೆಗೆ, ಯಾರದೋ ಕಾರಿಗೆ ಚರಗ ಚೆಲ್ಲಿ ಬಂದರು. ಅಜ್ಜಿ ನೋಡುತ್ತಾ ನಿಂತಿದ್ದವರು, 'ಆ ಮೂಲೇಲಿ ಚೆನ್ನಾಗಿ ಬೆಳೀತಿತ್ತು, ಅಲ್ಲಿ ಜಾಸ್ತಿ ಹಾಕಿ' ಅಂದರು.

ಕಳೆದ ತಿಂಗಳು ಮಾಲೀಕರು ಬಂದರು. ನಿಜವಾದ ಮಾಲೀಕರು. ದುಬೈಯೂ ಅಲ್ಲ, ಕೇಸೂ ಅಲ್ಲ, ಶಿವಮೊಗ್ಗದವರು. ಸೈಟು ದಕ್ಷಿಣಕ್ಕೆ ಮುಖ ಮಾಡಿದೆ ಅಂತ ಇಷ್ಟು ವರ್ಷ ಕಟ್ಟಲಿಲ್ಲವಂತೆ. ಕಾರಿನಿಂದ ಇಳಿದು ಟೇಪು ಬಿಚ್ಚುವಷ್ಟರಲ್ಲಿ ಇಡೀ ಬೀದಿ ಸೇರಿತು. ಪರಿಚಯ ಆಮೇಲೆ, ಸಲಹೆ ಮೊದಲು. ಸಂಪು ಎಲ್ಲಿ ತೆಗೆಯಬೇಕು, ಯಾವ ಮೇಸ್ತ್ರಿ ಬೇಡ, ಟ್ಯಾಂಕರಿನವನು ಯಾವ ಹೊತ್ತಿಗೆ ಫೋನ್ ಎತ್ತುತ್ತಾನೆ, ಎಲ್ಲ ಹೇಳಿದೆವು. ತುಂಬೆ ಇರುವ ಕಡೆ ಒಂದಿಷ್ಟು ಜಾಗ ಬಿಡಿ ಅಂತ ನರ್ಸಮ್ಮ ಕೇಳಿಕೊಂಡರು. ಮಕ್ಕಳು ಕ್ರಿಕೆಟ್ ನಿಲ್ಲಿಸಿ, ಸ್ಟಂಪು ಕಿತ್ತು, ವೈರಿಯನ್ನು ನೋಡುವಂತೆ ನೋಡುತ್ತಿದ್ದರು.

ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, 'ನಾನು ಕಟ್ಟಲ್ಲ ಸರ್, ಕೊಟ್ಟುಬಿಡೋಣ ಅಂತ ಬಂದಿದೀನಿ. ನೀವೆಲ್ಲ ಇಷ್ಟು ಹಚ್ಚಿಕೊಂಡಿದೀರ, ನಿಮ್ಮಲ್ಲೇ ಯಾರಾದ್ರೂ ತಗೊಳ್ಳಿ' ಅಂದರು. ಬೀದಿಯಲ್ಲಿ ಸಂಭ್ರಮವೋ ಸಂಭ್ರಮ. ಎಲ್ಲರೂ ಸೇರಿ ತಗೊಂಡು ಹೀಗೇ ಖಾಲಿ ಬಿಡೋಣ ಅಂತ ಅಧ್ಯಕ್ಷರು ಅಲ್ಲೇ ಘೋಷಿಸಿದರು. ಚಪ್ಪಾಳೆಯೂ ಬಿತ್ತು. ಮೇಷ್ಟ್ರು ರೇಟು ಕೇಳಿದರು. ಮಾಲೀಕರು ಹೇಳಿದರು. ನರ್ಸಮ್ಮನಿಗೆ ನೈಟ್ ಡ್ಯೂಟಿ ನೆನಪಾಯಿತು, ಅಧ್ಯಕ್ಷರಿಗೆ ಫೋನ್ ಬಂತು, ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ.