‘ಇಸ್ಲಾಮೋಫೋಬಿಯಾ’ ಅನ್ನೋ ಪದ ನಮಗೆ ಬೇಕಾ?

ವಿಜಯಪುರದಲ್ಲಿ ಡಿಗ್ರಿ ಓದುವ ನನ್ನ ತಂಗಿಯ ಮಗಳಿಗೆ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಈ ವಿಷಯ ಬಂದಿದೆ. ಇಸ್ಲಾಂ, ಮುಸ್ಲಿಮರ ಬಗೆಗಿನ ಭಯ-ದ್ವೇಷಕ್ಕೆ ಹೇಳೋ ಪದ ಅದು. ಯಾರು ಯಾವ ಕಡೆ ಅನ್ನೋದನ್ನು ಅವತ್ತೇ ಚೀಟಿ ಎತ್ತಿ ಹೇಳ್ತಾರಂತೆ. "ಮಾಮಾ, ಎರಡೂ ಕಡಿ ಬರ್ದ ಕೊಡು" ಅಂದಳು. ಬರೆದೆ. ಒಂದು ಕಡೆ ಪೆನ್ನು ಜಾಸ್ತಿ ಓಡಿದೆ. ಓದಿದವರಿಗೆ ಹೇಗೂ ಗೊತ್ತಾಗುತ್ತೆ, ಮುಚ್ಚಿಟ್ಟು ಏನು ಮಾಡಲಿ.

ಪರ

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಹೋದ ವರ್ಷ ಬಾಡಿಗೆ ಮನೆ ಹುಡುಕುತ್ತಿದ್ದ. ಒಂದು ಗೇಟಿಗೆ ಬೋರ್ಡು ನೇತುಹಾಕಿದ್ದರು. ನಾನೇ ಫೋನ್ ಮಾಡಿದೆ. "ಖಾಲಿ ಐತ್ರಿ, ಸಂಜಿಗೆ ಬಂದ ನೋಡ್ರಿ. ನೀರಿಂದೇನೂ ತ್ರಾಸಿಲ್ಲ" ಅಂದರು. ಇಬ್ಬರೂ ಹೋದೆವು. ಅಡುಗೆಮನೆ ಕಟ್ಟೆ, ಮಾಳಿಗೆ ಮೇಲಿನ ನೀರಿನ ಟಾಕಿ ಎಲ್ಲಾ ತೋರಿಸಿದರು. ಕೊನೆಗೆ ಹೆಸರು ಕೇಳಿದರು. ಇವನು ಹೇಳಿದ. ಮಾಲೀಕರ ಕೈಯಲ್ಲಿದ್ದ ಚಾವಿ ಮೆಲ್ಲಗೆ ಜೇಬಿಗೆ ಹೋಯಿತು. "ಅಯ್ಯ, ಮರತೇಬಿಟ್ಟಿದ್ದೆ ನೋಡ್ರಿ. ನಿನ್ನೆನ ಒಬ್ರು ಅಡ್ವಾನ್ಸ್ ಕೊಟ್ಟ ಹೋಗ್ಯಾರ." ಬೋರ್ಡು ಮಾತ್ರ ಇನ್ನೂ ಹದಿನೈದು ದಿನ ಅಲ್ಲೇ ಇತ್ತು.

ಆ ಮಾಲೀಕರು ಕುರಾನ್ ಓದಿ ಟೀಕೆ ಮಾಡಿದರಾ? ಇವನು ನಮಾಜು ಮಾಡ್ತಾನೋ ಇಲ್ವೋ ಅಂತಲೂ ಕೇಳಲಿಲ್ಲ. ಹೆಸರೇ ಸಾಕಾಯಿತು. ಇದಕ್ಕೊಂದು ಪದ ಬೇಡವಾ? ಪದ ಇಲ್ಲದಿದ್ದರೆ "ಬಿಡು, ಅವರ ಮನೆ, ಅವರಿಷ್ಟ" ಅನ್ನೋದರಲ್ಲಿ ಮುಗಿದುಹೋಗುತ್ತೆ.

ಈ ಪದ ನಿನ್ನೆ ಮೊನ್ನೆಯದಲ್ಲ. 1910ರ ಸುಮಾರಿಗೇ ಫ್ರೆಂಚ್ ಬರಹಗಳಲ್ಲಿತ್ತು. ಚಾಲ್ತಿಗೆ ಬಂದಿದ್ದು 1997ರಲ್ಲಿ, ಜನಾಂಗೀಯ ಸಮಾನತೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ರನ್ನಿಮೀಡ್ ಟ್ರಸ್ಟಿನ ವರದಿಯಿಂದ. ಟೀಕೆಗೂ ದ್ವೇಷಕ್ಕೂ ನಡುವೆ ಗೆರೆ ಎಳೆದಿದ್ದೂ ಆ ವರದಿಯೇ: ಇಸ್ಲಾಮನ್ನು ಒಪ್ಪದಿರುವುದು ತಪ್ಪಲ್ಲ, ಮುಸ್ಲಿಮರೆಲ್ಲ ಒಂದೇ ಅಚ್ಚಿನವರು, ಎಲ್ಲರೂ ಅಪಾಯ ಅನ್ನೋದು ತಪ್ಪು. ಆ ತಪ್ಪು ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಇದೆ. 2019ರ ಮಾರ್ಚ್ 15, ಶುಕ್ರವಾರದ ನಮಾಜು. ಒಬ್ಬನೇ ಬಂದೂಕುಧಾರಿ, 51 ಜನ ಸತ್ತರು. 2022ರಲ್ಲಿ ವಿಶ್ವಸಂಸ್ಥೆ ಇಸ್ಲಾಮೋಫೋಬಿಯಾ ವಿರುದ್ಧದ ದಿನ ಅಂತ ಗೊತ್ತು ಮಾಡಿದ್ದು ಇದೇ ಮಾರ್ಚ್ 15ನ್ನು.

ಇನ್ನು ‘ಫೋಬಿಯಾ ಅಂದ್ರೆ ಭಯ, ದ್ವೇಷಕ್ಕೆ ಅದು ಹೇಗೆ ಹೊಂದುತ್ತೆ’ ಅನ್ನೋ ತಕರಾರು. ನಮ್ಮ ಎಣ್ಣೆಯನ್ನೇ ನೋಡಿ. ಎಳ್ಳು, ನೆಯ್ ಸೇರಿ ಆದ ಪದ ಅದು. ಲೆಕ್ಕಕ್ಕೆ ಎಳ್ಳಿನದು ಮಾತ್ರ ಎಣ್ಣೆ. ಹಾಗಂತ ನಮ್ಮ ಕಡೆಯವರು ಕುಸುಬಿ ಎಣ್ಣೆಗೆ ಬೇರೆ ಹೆಸರು ಹುಡುಕಿದರಾ?

ವಿರೋಧ

ಆ ಬಾಡಿಗೆ ಮನೆಯ ಕತೆಯಲ್ಲಿ ಸುಳ್ಳಿಲ್ಲ. ಆದರೆ ಅದಕ್ಕೆ ‘ಮುಸ್ಲಿಂ ದ್ವೇಷ’ ಅನ್ನಿ. ಶಾಲೆ ಮುಖ ನೋಡದ ಅಜ್ಜಿಗೂ ತಿಳಿಯುತ್ತೆ. ಇಸ್ಲಾಂ ನಡುವೆ ಯಾಕೆ ಬಂತು? ಮನೆ ಸಿಗದೆ ಅಲೆದಾಡಿದ್ದು ಗೆಳೆಯ. ಧರ್ಮಕ್ಕೆ ಬಾಡಿಗೆ ಮನೆ ಬೇಕಿಲ್ಲ.

ಜನರನ್ನೂ ಧರ್ಮವನ್ನೂ ಒಂದೇ ಗಂಟಲ್ಲಿ ಕಟ್ಟುತ್ತೆ ಈ ಪದ. ಆ ಗಂಟು ಯಾರಿಗೆ ಅನುಕೂಲ ನೋಡಿ. ವಿಶ್ವಸಂಸ್ಥೆಯಲ್ಲಿ ಆ ಮಾರ್ಚ್ 15ರ ದಿನದ ನಿರ್ಣಯ ಮಂಡಿಸಿದ್ದು ಇಸ್ಲಾಮಿಕ್ ಸಹಕಾರ ಸಂಘಟನೆಯ ಪರವಾಗಿ ಪಾಕಿಸ್ತಾನ. ಪ್ರವಾದಿ ನಿಂದನೆಗೆ ಮರಣದಂಡನೆ ಇಟ್ಟುಕೊಂಡ ದೇಶ. ಆ ಆರೋಪಕ್ಕೆ ಸಿಕ್ಕಿಬಿದ್ದವರಲ್ಲಿ ಮುಸ್ಲಿಮರೂ ಬೇಕಾದಷ್ಟು ಜನ ಇದ್ದಾರೆ. ಒಂದೇ ಧರ್ಮದ ಹೆಸರು ಯಾಕೆ ಅಂತ ಭಾರತವೂ ಫ್ರಾನ್ಸೂ ಅವತ್ತೇ ಕೇಳಿದವು. ಅತ್ತ ರನ್ನಿಮೀಡ್ ಟ್ರಸ್ಟು 2017ರಲ್ಲಿ ಇನ್ನೊಂದು ವರದಿ ತಂದು, ಇಸ್ಲಾಮೋಫೋಬಿಯಾ ಅಂದರೆ ಮುಸ್ಲಿಮರ ವಿರುದ್ಧದ ಜನಾಂಗೀಯ ದ್ವೇಷ ಅಂತ ಹೇಳಿತು. ಹಾಗಿದ್ದ ಮೇಲೆ ಅದನ್ನೇ ಹೇಳಬಹುದಲ್ವಾ?

ಪೆಟ್ಟು ಬೀಳೋದು ಮಾತ್ರ ಒಳಗಿನವರಿಗೆ. 1966ರಲ್ಲಿ ಮುಸ್ಲಿಂ ಸಮಾಜ ಸುಧಾರಕ ಹಮೀದ್ ದಳವಾಯಿ ಏಳು ಜನ ಮುಸ್ಲಿಂ ಹೆಂಗಸರನ್ನು ಕರೆದುಕೊಂಡು ಮುಂಬೈಯ ವಿಧಾನಸಭೆಯ ಕಡೆ ಮೆರವಣಿಗೆ ಹೋದರು. ತ್ರಿವಳಿ ತಲಾಖ್ ಬೇಡ ಅನ್ನೋದು ಬೇಡಿಕೆ. ಬರೀ ಏಳು ಜನ! ಸುಪ್ರೀಂ ಕೋರ್ಟು ಮೂವರು–ಇಬ್ಬರು ಅಂತ ಒಡೆದು ಆ ತಲಾಖನ್ನು ತಳ್ಳಿಹಾಕಿದ್ದು 2017ರಲ್ಲಿ, 51 ವರ್ಷ ಆದಮೇಲೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಹೆಂಗಸರೂ ಮಸೀದಿಗೆ ಹೋಗಬಹುದು ಅಂದಿದ್ದಕ್ಕೆ 2000ದಲ್ಲಿ ಅವರಿಗೆ ಬಹಿಷ್ಕಾರ ಹಾಕಿದ್ದರು. ಅದು ಎಷ್ಟು ಜನರಿಗೆ ನೆನಪಿತ್ತು? ಇವರೆಲ್ಲ ಟೀಕಿಸಿದ್ದು ಧರ್ಮದ ಹೆಸರಲ್ಲಿ ನಡೆಯುವ ಪದ್ಧತಿಯನ್ನು. ಇಂಥವರ ಬಾಯಿ ಮುಚ್ಚಿಸೋಕೆ ಒಂದೇ ಪದ ಸಾಕು ಅನ್ನೋ ಹಾಗಾಗಬಾರದು.

ಇದು ಇಸ್ಲಾಮಿನ ಮಾತಷ್ಟೇ ಅಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿ ನಮ್ಮ ಸಿಂದಗಿ ತಾಲ್ಲೂಕಿನವರು. ತಮ್ಮದೇ ಲಿಂಗಾಯತ ಪರಂಪರೆಯ ಇತಿಹಾಸ ಕೆದಕಿದ್ದಕ್ಕೆ 1989ರಲ್ಲಿ ಒತ್ತಡ ತಾಳಲಾರದೆ ಬರೆದದ್ದನ್ನು ಹಿಂತೆಗೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡು ಹಾರಿತು. ಇನ್ನೊಂದು ಧರ್ಮದ ಹೆಸರಿಗೂ ‘ಫೋಬಿಯಾ’ ಅಂಟಿಸಿ ಇಂಥವರ ಮೇಲೆ ಎಸೆಯೋದು ಕಷ್ಟವೇನಲ್ಲ. ಕೇಡಿನ ಉದ್ದೇಶದಿಂದ ಬೇಕಂತಲೇ ಧರ್ಮನಿಂದನೆ ಮಾಡುವವರಿಗೆ 1927ರಿಂದ ದಂಡ ಸಂಹಿತೆಯ 295ಎ ಕಲಂ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 299 ಇದೆ. ಅದೇ ಹೆಚ್ಚಾಯಿತು ಅನ್ನೋದು ನನ್ನ ಅನಿಸಿಕೆ.

ಮತ್ತೆ, ಇಸ್ಲಾಂ ಅಂದರೆ ಯಾರ ಇಸ್ಲಾಂ? ನಮ್ಮ ಹಳ್ಳಿಯ ಮೊಹರಂ ನೋಡಿದವರಿಗೆ ಈ ಪ್ರಶ್ನೆ ಬರದೇ ಇರಲ್ಲ. ಎಲ್ಲ ಜಾತಿಯವರೂ ಸಕ್ಕರೆ ಓದಿಸುತ್ತಾರೆ. ಅವತ್ತು ಹಾಡುವ ರಿವಾಯತ್ ಪದ ಕನ್ನಡದಲ್ಲೇ. ಒಂದು ವರ್ಷ, ಹಬ್ಬದಲ್ಲಿ ಕೈಯಾಕಾರದ ಪಂಜಾ ಹಿಡಿಯುವ ಅಜ್ಜ, ಬೆಂಕಿ ಹಾಕುವ ಅಲಾಯಿ ಕುಣಿಗೆ ಕಟ್ಟಿಗೆ ಒಟ್ಟುತ್ತಿದ್ದ. ಪಟ್ಟಣದಲ್ಲಿ ಓದಿ ಬಂದ ಅವನ ಮೊಮ್ಮಗ "ಅಜ್ಜಾ, ಇದೆಲ್ಲಾ ಇಸ್ಲಾಮಿನಾಗ ಇಲ್ಲ" ಅಂದ. ಅಜ್ಜ ತಲೆ ಎತ್ತಲಿಲ್ಲ. "ನಿಮ್ಮ ಮೌಲ್ವಿ ಪುಸ್ತಕದಾಗ ಇರಲಿಕ್ಕಿಲ್ಲ" ಅಂದು ಇನ್ನೊಂದು ಕೊರಡು ಇಟ್ಟ. ಇಬ್ಬರೂ ಒಬ್ಬರ ಇಸ್ಲಾಮನ್ನು ಇನ್ನೊಬ್ಬರು ಟೀಕಿಸಿದ ಹಾಗೇ ಆಯಿತು. ಯಾರಿಗೆ ಫೋಬಿಯಾ ಅನ್ನೋಣ? ಸ್ವಲ್ಪ ಹೊತ್ತು ಬಿಟ್ಟು ಅಜ್ಜನೇ ಅಂದ: "ಒಳಗ ಚೋಂಗೆ ಮಾಡ್ಯಾರ. ಅದರ ತಿಂತೀಯೋ, ಅದೂ ಇಲ್ಲೇನು?"