ಡ್ರೈವರ್ ಕೈಕೊಟ್ಟರೆ ಬೈಸಿಕೊಳ್ಳುವವನು ಕಾರ್ಡ್ ಕೊಂಡವನೇ ಏಕೆ?

ಮತ್ತೆ ಅದೇ ಆಯಿತು, ಆಟದ ನಡುವೆ ಪರದೆ ಕಪ್ಪಾಯಿತು. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶವೇ ಡ್ರೈವರ್. ಹಳೆಯ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಅಳಿಸುವ ತಂತ್ರಾಂಶ ಬಳಸಿ ಬುಡಸಮೇತ ಕಿತ್ತು ಹಾಕಿದ ಮೇಲೆ ಆಯಿತು, ಹೊಸದನ್ನು ಹಾಕಿದ ಮೇಲೆ ಆಯಿತು, ಓವರ್‌ಕ್ಲಾಕಿನ (ನಿಗದಿಗಿಂತ ವೇಗವಾಗಿ ಓಡಿಸುವುದರ) ಸುಳಿವೂ ಉಳಿಯದಂತೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದ ಮೇಲೂ ಆಯಿತು. ಆದ್ದರಿಂದ ದಯವಿಟ್ಟು ಯಾರೂ ‘ಡ್ರೈವರ್ ಅಪ್‌ಡೇಟ್ ಮಾಡಿದ್ದೀರಾ’ ಎಂದು ಕೇಳಬೇಡಿ. ಕಂಪನಿಯ ಸಹಾಯ ವಿಭಾಗದವರು ಆ ಪ್ರಶ್ನೆಯನ್ನು ಈಗಾಗಲೇ ಕೇಳಿದ್ದಾರೆ. ನಾನು ಬರೆದ ಪತ್ರದ ಮೊದಲ ಸಾಲಿನಲ್ಲೇ ಅದಕ್ಕೆ ಉತ್ತರವಿದ್ದರೂ ಕೇಳಿದ್ದಾರೆ.

ಆದದ್ದನ್ನು ಹೇಳಿಬಿಡುತ್ತೇನೆ, ಹೇಳದಿದ್ದರೆ ಇದು ತಲೆಯಿಂದ ಇಳಿಯುವುದಿಲ್ಲ. ಕೊನೆಯ ಸುತ್ತು, ಎರಡೂ ಕಡೆಯ ಅಂಕ ಸಮವಾಗಿತ್ತು. ನಮ್ಮ ತಂಡದ ನಾಲ್ವರು ಸತ್ತು ನಾನೊಬ್ಬನೇ ಉಳಿದಿದ್ದೆ, ಎದುರು ತಂಡದಲ್ಲೂ ಒಬ್ಬನೇ ಇದ್ದ. ಸತ್ತ ನಾಲ್ವರೂ ನನ್ನ ಆಟವನ್ನು ತಮ್ಮ ಪರದೆಯ ಮೇಲೆ ನೋಡುತ್ತಿದ್ದರು. ಬಾಂಬ್ ಇಟ್ಟಿದ್ದ ಕಡೆಗೆ ತಿರುವು ದಾಟುತ್ತಿದ್ದಂತೆ ನನ್ನ ಮಾನಿಟರ್ ಒಮ್ಮೆಗೇ ಕಪ್ಪಾಯಿತು. ಕಾರ್ಡಿನ ಫ್ಯಾನ್‌ಗಳು ಪೂರ್ತಿ ವೇಗಕ್ಕೆ ಏರಿ ಮೊರೆಯತೊಡಗಿದವು, ಆಟದ ಸದ್ದು ಒಂದೇ ಚೂರಿನಲ್ಲಿ ಸಿಕ್ಕಿಕೊಂಡು ಗರಗರ ಎನ್ನುತ್ತಿತ್ತು. ಮಾತಿನ ಸಂಪರ್ಕ ಮಾತ್ರ ಹೋಗಲಿಲ್ಲ. ಅದೂ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

“ಲೋ, ಯಾಕೋ ನಿಂತೆ? ಟೈಮಿಲ್ಲ, ಹೋಗೋ!”

“ಗೋಡೆ ನೋಡ್ಕೊಂಡು ನಿಂತಿದ್ದಾನಲ್ರೋ ಇವನು.”

“ಸ್ಕ್ರೀನ್ ಹೋಯ್ತು ಕಣ್ರೋ, ನನಗೇನೂ ಕಾಣ್ತಿಲ್ಲ” ಎಂದೆ.

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ನನಗೆ ಕಾಣದ್ದನ್ನೆಲ್ಲ ಅವರು ಒಬ್ಬರಾದ ಮೇಲೊಬ್ಬರು ವರದಿ ಮಾಡತೊಡಗಿದರು. ಎದುರಾಳಿ ಬಂದ. ನಾನು ಅಲುಗಾಡುತ್ತಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಬಂದೂಕು ಒಳಗಿಟ್ಟು ಚಾಕು ತೆಗೆದ. ನನ್ನ ಸುತ್ತ ಒಂದು ಸುತ್ತು ಬಂದು ನಿಂತ. “ಇನ್ನೂ ಹೊಡೀತಿಲ್ಲ ಕಣೋ, ನಿನ್ನನ್ನೇ ನೋಡ್ತಿದ್ದಾನೆ” ಎಂದು ಒಬ್ಬ ಹೇಳಿದ. ನಾನು ಕಪ್ಪು ಮಾನಿಟರಿನ ಮುಂದೆ ಕೀಬೋರ್ಡ್ ಮೇಲೆ ಕೈಯಿಟ್ಟುಕೊಂಡು, ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಎಂದು ಡ್ರೈವರನ್ನು ಮರಳಿ ಎಬ್ಬಿಸುವ ನಾಲ್ಕು ಕೀಗಳನ್ನು ಒತ್ತುತ್ತ, ನಾನು ಹೇಗೆ ಸಾಯುತ್ತಿದ್ದೇನೆಂಬುದನ್ನು ಬೇರೆಯವರ ಬಾಯಿಂದ ಕೇಳಿಸಿಕೊಂಡೆ. ಪರದೆ ಮರಳಿದಾಗ ಆಟ ಇರಲಿಲ್ಲ, ಬರೀ ಡೆಸ್ಕ್‌ಟಾಪ್ ಇತ್ತು. ಪಂದ್ಯ ಮುಗಿದಿತ್ತು. ಮಧ್ಯದಲ್ಲಿ ಬಿಟ್ಟು ಹೋದವನೆಂದು ನನಗೆ ದಂಡ ಬಿದ್ದಿತ್ತು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ನುಂಗಿಕೊಳ್ಳಲಾಗದ್ದು ನಂತರ ಬಂದ ಮಾತು. “ಆ ಕಂಪನಿ ಕಾರ್ಡ್ ತಗೊಂಡ್ರೆ ಇನ್ನೇನಾಗತ್ತೆ? ಅವರ ಡ್ರೈವರ್ ಹಣೆಬರಹ ಎಲ್ಲರಿಗೂ ಗೊತ್ತಿದ್ದಿದ್ದೇ.” ಉಳಿದ ಮೂವರಲ್ಲಿ ಒಬ್ಬನೂ ಅಲ್ಲ ಎನ್ನಲಿಲ್ಲ. ಹಾಗೆಂದವನ ಬಳಿ ಇರುವುದು ಬೇರೆ ಕಂಪನಿಯ ಕಾರ್ಡ್. ಅವನ ಪರದೆಯೂ ಪಂದ್ಯದ ನಡುವೆ ಹೋದದ್ದುಂಟು, ಅವನೂ ಹಳೆಯ ಡ್ರೈವರಿಗೆ ಮರಳಿದ್ದುಂಟು, ಆಗ ನಾವೆಲ್ಲ ಕಾದು ಕುಳಿತಿದ್ದುಂಟು. ಅಂದು ಯಾರೂ ಅವನ ಕಾರ್ಡಿನ ಹೆಸರೆತ್ತಲಿಲ್ಲ. ಅವನಿಗಾದರೆ ಗ್ರಹಚಾರ, ನನಗಾದರೆ ಕಂಪನಿಯ ಗುಣ.

ಎಲ್ಲರಿಗೂ ಗೊತ್ತಿದೆಯಂತೆ. ಏನು ಗೊತ್ತಿದೆ, ಹೇಗೆ ಗೊತ್ತಾಯಿತು?

ಪರದೆ ಕಪ್ಪಾದಾಗ ಒಳಗೆ ನಡೆಯುವುದು ಇಷ್ಟು. ವಿಸ್ಟಾ ಆವೃತ್ತಿಯ ಕಾಲದಿಂದಲೂ ವಿಂಡೋಸ್‌ನಲ್ಲಿ ಟಿಡಿಆರ್ ಎಂಬ ಕಾವಲು ವ್ಯವಸ್ಥೆಯಿದೆ. ಕಾರ್ಡಿನ ಮುಖ್ಯ ಚಿಪ್ ಆದ ಜಿಪಿಯುಗೆ ಕೊಟ್ಟ ಕೆಲಸ 2 ಸೆಕೆಂಡಿನೊಳಗೆ ಮುಗಿಯದೆ, ಅದನ್ನು ನಡುವೆ ನಿಲ್ಲಿಸಲೂ ಆಗದಿದ್ದರೆ, ವಿಂಡೋಸ್ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ವಿಂಡೋಸ್ ಬರೆದಿಡುವ ಘಟನೆಗಳ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ 4101 ಸಂಖ್ಯೆಯ ಒಂದು ದಾಖಲೆ ಇರುತ್ತದೆ: ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಯಶಸ್ವಿಯಾಗಿ ಚೇತರಿಸಿಕೊಂಡಿದೆ. ಆ ‘ಯಶಸ್ವಿಯಾಗಿ’ ಎಂಬ ಪದವನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಪಂದ್ಯ ಹೋಗಿದೆ, ದಂಡ ಬಿದ್ದಿದೆ, ನಾಲ್ವರ ಮುಂದೆ ಮಾನ ಹೋಗಿದೆ, ಇದರಲ್ಲಿ ಯಶಸ್ಸು ಯಾರದು? ಆ ದಾಖಲೆ ಡ್ರೈವರಿನ ಹೆಸರನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಡ್ರೈವರಿನ ಕೋಡ್‌ನಲ್ಲೇ ದೋಷವಿರಬಹುದು, ಕಾರ್ಡಿನ ಮೆಮೊರಿ ಕೆಟ್ಟಿರಬಹುದು, ಪವರ್ ಸಪ್ಲೈ ಒಂದು ಕ್ಷಣ ಕುಸಿದಿರಬಹುದು, ಎಕ್ಸ್‌ಎಂಪಿ ಹಾಕಿ ವೇಗ ಏರಿಸಿದ ರ‍್ಯಾಮ್ ತಪ್ಪಿರಬಹುದು, ಆಟವೇ ತಪ್ಪು ಆದೇಶ ಕೊಟ್ಟಿರಬಹುದು. ಹೊರಗಿನಿಂದ ನೋಡುವವನಿಗೆ ಎಲ್ಲವೂ ಒಂದೇ ಕಪ್ಪು.

ಹೀಗೆ ಬೇರೆಯದರ ತಪ್ಪು ಕಾರ್ಡಿನ ತಲೆಗೆ ಬೀಳುವ ಅನ್ಯಾಯಕ್ಕೆ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ತೋರಿಸಿ ಕುಸಿಯುತ್ತಿದ್ದವು. ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇತ್ತು, ಡ್ರೈವರೂ ಸರಿಯಾಗಿತ್ತು, ಕೆಟ್ಟಿದ್ದು ಪ್ರೊಸೆಸರ್. 2024ರಲ್ಲಿ ಇಂಟೆಲ್ ಅದಕ್ಕೆ ಅತಿಯಾದ ವೋಲ್ಟೇಜ್ ಕಾರಣವೆಂದು ಒಪ್ಪಿ, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಅಲ್ಲಿಯವರೆಗೆ ಆ ಸಂದೇಶವನ್ನು ಓದಿದವರು ಗ್ರಾಫಿಕ್ಸ್ ಕಾರ್ಡನ್ನು ಶಪಿಸದೆ ಇನ್ನೇನು ಮಾಡಿಯಾರು? ಸಂದೇಶವೇ ಕಾರ್ಡಿನ ಕಡೆ ಬೆರಳು ತೋರಿಸುತ್ತಿತ್ತು.

ಇನ್ನು ಕಾರ್ಡ್ ಕಂಪನಿಗಳ ಜಾತಕ. ಎನ್‌ವಿಡಿಯಾ ಡ್ರೈವರ್ ಎಂದರೆ ಬಂಡೆಗಲ್ಲು ಎನ್ನುವವರು 2010ರ ಮಾರ್ಚ್ ತಿಂಗಳನ್ನು ಮರೆತಿದ್ದಾರೆ. ಆಗ ಬಂದ 196.75 ಆವೃತ್ತಿಯ ಡ್ರೈವರ್ ಫ್ಯಾನ್ ನಿಯಂತ್ರಣವನ್ನೇ ಕೆಡಿಸಿ ಕಾರ್ಡುಗಳನ್ನು ಕಾಯಿಸಿದ್ದರಿಂದ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. 2016ರ ಮಾರ್ಚ್‌ನಲ್ಲಿ ಬಂದ 364.47ರ ಮೇಲೆ ಡಬ್ಲ್ಯುಎಚ್‌ಕ್ಯುಎಲ್ ಮುದ್ರೆಯಿತ್ತು, ಅಂದರೆ ಮೈಕ್ರೋಸಾಫ್ಟ್‌ನ ಪರೀಕ್ಷೆ ಪಾಸಾಗಿತ್ತು. ಅದನ್ನೂ ಬೇಗನೆ 364.51ಕ್ಕೆ ಬದಲಿಸಬೇಕಾಯಿತು. 2025ರ ಆರಂಭದಲ್ಲಿ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳೊಂದಿಗೆ ಬಂದ 572 ಸಾಲಿನ ಡ್ರೈವರುಗಳ ಕಪ್ಪು ಪರದೆಯ ಕಥೆ ಎಲ್ಲರಿಗೂ ಗೊತ್ತು. ಏಪ್ರಿಲ್‌ನ 576.02ರಲ್ಲಿ ದೋಷಗಳ ಉದ್ದನೆಯ ಪಟ್ಟಿಯೇ ಸರಿಯಾಯಿತು, ಅದರ ಬೆನ್ನಿಗೇ ಸ್ಲೀಪ್‌ನಿಂದ ಎದ್ದ ಮೇಲೆ ತಾಪಮಾನದ ಓದು ಕದಲುವುದೇ ಇಲ್ಲವೆಂಬ ದೂರು ಬಂದು ಹಾಟ್‌ಫಿಕ್ಸ್ ಎಂಬ ತುರ್ತು ತಿದ್ದುಪಡಿಯೊಂದನ್ನು ಹೊರಡಿಸಬೇಕಾಯಿತು.

ಎಎಮ್‌ಡಿ ಕಡೆ ನೋಡಿದರೆ 2015ರ ನವೆಂಬರ್‌ನ ಕ್ರಿಮ್ಸನ್ ಡ್ರೈವರ್ ಕೆಲವು ಕಾರ್ಡುಗಳ ಫ್ಯಾನನ್ನು ಕಡಿಮೆ ವೇಗದಲ್ಲೇ ಕಟ್ಟಿಹಾಕಿತು. 2019ರ ಜುಲೈನಲ್ಲಿ ಬಂದ ಆರ್‌ಎಕ್ಸ್ 5700 ಕಾರ್ಡ್ ಕೊಂಡವರು ಕಪ್ಪು ಪರದೆಗೆ ದೊಡ್ಡ ಪರಿಹಾರವೊಂದನ್ನು ಕಾಣಲು 2020ರ ಫೆಬ್ರವರಿಯ 20.2.2 ಡ್ರೈವರ್ ಬರುವವರೆಗೆ ಕಾಯಬೇಕಾಯಿತು. ಎಲ್ಲಕ್ಕಿಂತ ಹೊಟ್ಟೆ ಉರಿಸುವುದು 2023ರ ಅಕ್ಟೋಬರ್‌ನ ಆ್ಯಂಟಿ-ಲ್ಯಾಗ್ ಪ್ಲಸ್ ಪ್ರಸಂಗ. ಒತ್ತಿದ ಕೀಗೂ ಪರದೆಗೂ ನಡುವಿನ ವಿಳಂಬ ತಗ್ಗಿಸಲು ಡ್ರೈವರಿನಲ್ಲೇ ಕಂಪನಿ ಕೊಟ್ಟ ಆ ಸೌಲಭ್ಯವನ್ನು ಆನ್ ಮಾಡಿ ಕೌಂಟರ್-ಸ್ಟ್ರೈಕ್ 2 ಆಡಿದವರನ್ನು ಮೋಸಗಾರರೆಂದು ಆಟದಿಂದ ನಿಷೇಧಿಸಲಾಯಿತು, ಏಕೆಂದರೆ ಅದು ಆಟದ ಎಂಜಿನ್ನಿನ ಫಂಕ್ಷನ್ನುಗಳ ದಾರಿಯನ್ನೇ ತಿರುಗಿಸುತ್ತಿತ್ತು. ಆ ಆಟದ ಕಂಪನಿ ವಾಲ್ವ್ ಬಹಿರಂಗವಾಗಿ ಎಚ್ಚರಿಸಿದ ಮೇಲೆ ಎಎಮ್‌ಡಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು. ಗುಂಡಿ ಒತ್ತಿದ್ದಷ್ಟೇ ಆಟಗಾರನ ಕೆಲಸ, ಆದರೂ ಕಳ್ಳನ ಪಟ್ಟ ಅವನ ಹೆಸರಿಗೇ ಬಂತು. ಇಂಟೆಲ್‌ನದು ಚಿಕ್ಕ ಚರಿತ್ರೆ: 2022ರ ಅಕ್ಟೋಬರ್‌ನಲ್ಲಿ ಆರ್ಕ್ ಎ770 ಕಾರ್ಡ್ ಬಂದಾಗ, ಆಟಕ್ಕೂ ಕಾರ್ಡಿಗೂ ಕೊಂಡಿಯಾದ ಡೈರೆಕ್ಟ್‌ಎಕ್ಸ್‌ನ 9ನೇ ಆವೃತ್ತಿಯ ಹಳೆಯ ಆಟಗಳು ಡೈರೆಕ್ಟ್‌ಎಕ್ಸ್ 12ರ ಮೂಲಕ ಸುತ್ತಿ ಬರಬೇಕಿತ್ತು, ಡಿಸೆಂಬರ್‌ನ ಡ್ರೈವರಿನಿಂದ ಅವುಗಳ ವೇಗ ಬಹಳ ಸುಧಾರಿಸಿತು. ಹೊಸಬರೆಂದು ಅವರನ್ನು ಎಲ್ಲರೂ ಮನ್ನಿಸಿದರು. ನನಗೆ ಆ ವಿನಾಯಿತಿ ಯಾರೂ ಕೊಡಲಿಲ್ಲ.

ಹೀಗೆ ನೋಡಿದರೆ ಎಲ್ಲರೂ ಒಂದೇ, ಯಾವುದನ್ನು ಕೊಂಡರೂ ಒಂದಲ್ಲ ಒಂದು ದಿನ ಪರದೆ ಹೋಗುತ್ತದೆ, ಸುಮ್ಮನಿರುವುದೇ ವಾಸಿ ಎನ್ನಿಸುತ್ತದೆ. ಇಲ್ಲ, ಒಂದೇ ಅಲ್ಲ, ಸುಮ್ಮನಿರುವುದೂ ಸಾಧ್ಯವಿಲ್ಲ. ದೋಷ ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಎಲ್ಲರಲ್ಲೂ ಅಷ್ಟೇ ಇದೆ ಎಂದಾಗುವುದಿಲ್ಲ. ಒಂದು ದೋಷವನ್ನು ದಿನಗಳಲ್ಲಿ ಹಿಂತೆಗೆದುಕೊಳ್ಳುವುದಕ್ಕೂ ತಿಂಗಳುಗಟ್ಟಲೆ ಎಳೆಯುವುದಕ್ಕೂ ವ್ಯತ್ಯಾಸವಿದೆ. ನನ್ನ ಕಾರ್ಡಿನ ಕಂಪನಿಯ ಬಿಡುಗಡೆ ಟಿಪ್ಪಣಿಯ ‘ತಿಳಿದಿರುವ ಸಮಸ್ಯೆಗಳು’ ಪಟ್ಟಿಯಲ್ಲಿ ನನ್ನ ಸಮಸ್ಯೆ ಇತ್ತು. ‘ಕೆಲವು ವ್ಯವಸ್ಥೆಗಳಲ್ಲಿ ಆಗಾಗ’ ಎಂಬ ನಯವಾದ ಮಾತಿನಲ್ಲಿ ಇತ್ತು. ಮುಂದಿನ ಆವೃತ್ತಿಯಲ್ಲಿ ಆ ಸಾಲು ಮಾಯವಾಯಿತು, ಆದರೆ ‘ಸರಿಪಡಿಸಿದ ಸಮಸ್ಯೆಗಳು’ ಪಟ್ಟಿಗೂ ಬರಲಿಲ್ಲ. ಎಲ್ಲಿ ಹೋಯಿತು? ಪರದೆ ಮಾತ್ರ ಇನ್ನೂ ಹೋಗುತ್ತಲೇ ಇದೆಯಲ್ಲ.

ಸಲಹೆ ಕೊಡುವವರಿಗೂ ಒಂದು ಮಾತು. ವಿಂಡೋಸ್‌ನ ಒಳ ಸೆಟ್ಟಿಂಗುಗಳಾದ ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇಯನ್ನು, ಅಂದರೆ ಅದು ಕಾಯುವ ಹೊತ್ತನ್ನು, 2ರಿಂದ 10 ಸೆಕೆಂಡಿಗೆ ಏರಿಸಿ ನೋಡಿದ್ದೇನೆ; ಹೆಚ್ಚು ಹೊತ್ತು ಹೆಪ್ಪುಗಟ್ಟಿ ಆಮೇಲೆ ಕಪ್ಪಾಗುತ್ತದೆ, ಅಷ್ಟೇ. ಹಳೆಯ ಡ್ರೈವರಿಗೆ ಮರಳಿದರೆ ಹೊಸ ಆಟ ಹೊಸ ಡ್ರೈವರ್ ಬೇಕೆಂದು ಬಾಗಿಲಲ್ಲೇ ತಡೆಯುತ್ತದೆ, ಜೊತೆಗೆ ವಿಂಡೋಸ್ ಅಪ್‌ಡೇಟ್ ನನ್ನನ್ನು ಕೇಳದೆಯೇ ಇನ್ನೊಂದನ್ನು ತಂದು ಕೂರಿಸುತ್ತದೆ. ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗು ಎನ್ನುವವರ ಮಾತಿನಲ್ಲಿ ಸತ್ವವಿದೆ. ಅಲ್ಲಿ 2015ರಿಂದ ಎಎಮ್‌ಡಿಯ ಡ್ರೈವರ್ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೇ ತೆರೆದ ರೂಪದಲ್ಲಿದೆ, ಯಾವ ದೋಷಕ್ಕೆ ಯಾರು ಏನು ತಿದ್ದಿದರೆಂದು ಯಾರು ಬೇಕಾದರೂ ನೋಡಬಹುದು. ಆದರೆ ನಮ್ಮ ತಂಡ ಆಡುವ ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶವಾದ ಆ್ಯಂಟಿ-ಚೀಟ್ ಅಲ್ಲಿ ಓಡುವುದಿಲ್ಲ, ಹೀಗಾಗಿ ಆ ದಾರಿಯೂ ಮುಚ್ಚಿದೆ.

ಯಾವ ಬ್ರ್ಯಾಂಡ್ ಹೆಚ್ಚು ಕೆಡುತ್ತದೆ ಎಂಬ ಪ್ರಶ್ನೆಗೆ ನಾನು ಕಂಡ ದೊಡ್ಡ ಲೆಕ್ಕವೊಂದು 2007ರದು. ಅದನ್ನೂ ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ. ವಿಸ್ಟಾ ಕುರಿತು ಮೈಕ್ರೋಸಾಫ್ಟ್ ಮೇಲೆ ಹೂಡಿದ್ದ ಮೊಕದ್ದಮೆಯ ಕಾಗದಗಳಲ್ಲಿ ಹೊರಬಿದ್ದದ್ದು. ದಾಖಲಾದ ಕ್ರ್ಯಾಶುಗಳಲ್ಲಿ ಶೇ. 28.8 ಎನ್‌ವಿಡಿಯಾ ಡ್ರೈವರುಗಳ ತಲೆಗೆ, ಶೇ. 9.3 ಆಗಷ್ಟೇ ಎಎಮ್‌ಡಿ ಪಾಲಾಗಿದ್ದ ಎಟಿಐ ತಲೆಗೆ, ಶೇ. 8.8 ಇಂಟೆಲ್ ತಲೆಗೆ ಬಂದಿತ್ತು. ಆ ಅಂಕಿಗಳೂ ಅರೆಬರೆ, ಏಕೆಂದರೆ ಎಷ್ಟು ಯಂತ್ರಗಳಲ್ಲಿ ಯಾವ ಕಾರ್ಡ್ ಇತ್ತೆಂಬುದನ್ನು ಅವು ಹೇಳುವುದಿಲ್ಲ. ಹೆಚ್ಚು ಮಾರಾಟವಾದವನ ಹೆಸರಿಗೆ ಹೆಚ್ಚು ಕ್ರ್ಯಾಶ್ ಬರುವುದು ಸಹಜ. ಇಂದಿಗೂ ವಿಂಡೋಸ್ ಕ್ರ್ಯಾಶ್ ವರದಿಗಳನ್ನು ಮೈಕ್ರೋಸಾಫ್ಟ್‌ಗೆ ಕಳಿಸುತ್ತದೆ, ಎಎಮ್‌ಡಿಯ ತಂತ್ರಾಂಶ ಪರದೆ ಹೋದ ಕೂಡಲೇ ವರದಿ ಕಳಿಸುತ್ತೀರಾ ಎಂದು ಕೇಳುತ್ತದೆ. ಲೆಕ್ಕ ಅವರ ಬಳಿ ಇದೆ. ಯಾವ ಕಾರ್ಡ್, ಯಾವ ಡ್ರೈವರ್ ಆವೃತ್ತಿ, ಸಾವಿರ ಗಂಟೆ ಆಟಕ್ಕೆ ಎಷ್ಟು ಟಿಡಿಆರ್ ಎಂದು ಒಂದು ಪಟ್ಟಿ ಪ್ರಕಟಿಸಲು ಇವರಿಗೆ ಏನು ಅಡ್ಡಿ? ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೋಲಿಸಲು ಬಣ್ಣಬಣ್ಣದ ನಕ್ಷೆಗಳನ್ನು ಬಿಡುತ್ತಾರಲ್ಲ, ಶೇ. 5 ಹೆಚ್ಚು ವೇಗವೆಂದು ವೇದಿಕೆಯ ಮೇಲೆ ನಿಂತು ಘೋಷಿಸುತ್ತಾರಲ್ಲ, ಅದೇ ವೇದಿಕೆಯಲ್ಲಿ ಇದನ್ನೂ ಹೇಳಲಿ. ಯಾರಾದರೂ ಉತ್ತರ ಕೊಡಿ. ಕಂಪನಿಯಲ್ಲಿ ಕೆಲಸ ಮಾಡುವವರಿದ್ದರೆ ಅವರೇ ಕೊಡಿ.

ಕೊಡುವುದಿಲ್ಲವೆಂದು ಗೊತ್ತು. ಆದ್ದರಿಂದ ಇಲ್ಲಿ ಓದುತ್ತಿರುವವರನ್ನೇ ಕೇಳುತ್ತೇನೆ. ಅದೇ ಮದರ್‌ಬೋರ್ಡ್, ಅದೇ ಪವರ್ ಸಪ್ಲೈ, ಅದೇ ರ‍್ಯಾಮ್ ಇಟ್ಟುಕೊಂಡು ಕಾರ್ಡಿನ ಬ್ರ್ಯಾಂಡ್ ಮಾತ್ರ ಬದಲಿಸಿದವರು ಯಾರಾದರೂ ಇದ್ದರೆ, ಈವೆಂಟ್ ವ್ಯೂವರಿನಲ್ಲಿ 4101 ಬದಲಿಸುವ ಮುಂಚೆ ಎಷ್ಟಿತ್ತು, ಬದಲಿಸಿದ ಮೇಲೆ ಎಷ್ಟಾಯಿತು ಎಂದು ಡ್ರೈವರ್ ಆವೃತ್ತಿಯ ಸಮೇತ ಬರೆಯಿರಿ. ‘ನನಗೆ ಯಾವತ್ತೂ ತೊಂದರೆಯಾಗಿಲ್ಲ’ ಎಂದಷ್ಟೇ ಬರೆಯುವವರು ದಯವಿಟ್ಟು ಮೊದಲು ಆ ಲಾಗ್ ತೆರೆದು ನೋಡಿ, ಆಮೇಲೆ ಬರೆಯಿರಿ.